ಕುರ್ಚಿಯಿಂದ ಏಳುವ ಕೆಲಸ

ಡೊರೊತಿಯ ಕಾಲಿಗೆ ಕಾಲುಚೀಲ ಹಾಕಲು ಕುಕ್ಕರಗಾಲಲ್ಲಿ ಕೂತಿದ್ದೆ. ಹಾಕಿ ಆಯಿತು. ಏಳಲು ಹೋದೆ. ಏಳಲಾಗಲಿಲ್ಲ.

ನೋವಿರಲಿಲ್ಲ. ಉಳುಕಿರಲಿಲ್ಲ. ತೊಡೆಗಳು ನನ್ನ ಮಾತು ಕೇಳಲಿಲ್ಲ, ಅಷ್ಟೆ. ಮಂಚದ ಸರಳು ಹಿಡಿದು ಮೈಯನ್ನು ಮೇಲೆ ಎಳೆದುಕೊಳ್ಳಲು ನೋಡಿದೆ, ಬೆರಳುಗಳು ಜಾರಿದವು. ಡೊರೊತಿ ತೊಂಬತ್ತು ದಾಟಿದ ಮುದುಕಿ. ಮಂಚದ ಅಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ತನ್ನ ವಾಕರನ್ನು ನನ್ನ ಕಡೆಗೆ ತಳ್ಳಿದಳು. ಅದನ್ನು ಹಿಡಿದು ಹೇಗೋ ಎದ್ದು ನಿಂತೆ. ಇಬ್ಬರೂ ನಕ್ಕೆವು.

ಶಿಫ್ಟು ಮುಗಿಸಿ ಕಾರಿನಲ್ಲಿ ಕೂತ ಮೇಲೆ ತೊಡೆಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡೆ.

ನಾನು ವಾರಿಜಾ. ಊರು ಮೂಲ್ಕಿಯ ಹತ್ತಿರ. ಮದುವೆಯಾಗಿ ಈ ದೇಶಕ್ಕೆ ಬಂದವಳು, ಈಗ ಇರುವುದು ಟೊರೊಂಟೊ ಹತ್ತಿರದ ವಿಟ್ಬಿಯಲ್ಲಿ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನಾನೂ ಒಂದು ಕೋರ್ಸು ಮುಗಿಸಿ, ಪಕ್ಕದ ಅಜಾಕ್ಸಿನ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಮುದುಕರನ್ನು ಏಳಿಸುವುದು, ಕೂರಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು. ಇಲ್ಲಿ ಅದಕ್ಕೆ ಪಿಎಸ್‌ಡಬ್ಲ್ಯೂ ಎನ್ನುತ್ತಾರೆ. ಏಳಲಾಗದ ಮನುಷ್ಯನನ್ನು ಎಲ್ಲಿ ಹಿಡಿಯಬೇಕು, ಅವನ ಪಾದ ಎಲ್ಲಿರಬೇಕು, ನನ್ನ ಬೆನ್ನು ಹೇಗಿರಬೇಕು ಎಂಬುದೆಲ್ಲ ಕೈಗೆ ಬಂದ ಕೆಲಸ. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇದನ್ನು ನಾನು ಬರೆಯುತ್ತಿಲ್ಲ, ಫೋನಿಗೆ ಹೇಳುತ್ತಿದ್ದೇನೆ. ಪೆನ್ನು ಹಿಡಿಯಲು ಬೆರಳು ಮಡಚುವುದಿಲ್ಲ. ನಾನು ಹೇಳಿದ್ದನ್ನು ಫೋನು ತನಗೆ ತಿಳಿದ ಹಾಗೆ ಬರೆದುಕೊಳ್ಳುತ್ತದೆ. ಗಂಡ ಕೂತು ತಿದ್ದುತ್ತಾರೆ.

ಡೊರೊತಿಯ ಕೋಣೆಯಲ್ಲಿ ಆದದ್ದು ಮೊದಲನೆಯದು ಎಂದುಕೊಂಡಿದ್ದೆ. ಹಿಂತಿರುಗಿ ನೋಡಿದರೆ ಅದಕ್ಕೂ ಮೊದಲೇ ಶುರುವಾಗಿತ್ತು. ಫ್ರೋಜನ್ ತೆಂಗಿನ ತುರಿಯ ಪ್ಯಾಕೆಟ್ಟನ್ನು ಕೈಯಲ್ಲಿ ಹರಿಯಲಾಗದೆ ಹಲ್ಲಿನಿಂದ ಕಚ್ಚುತ್ತಿದ್ದೆ. ನೀರಿನ ಬಾಟಲಿಯ ಮುಚ್ಚಳ ತೆರೆಯಲು ಗಂಡನ ಕೈಗೆ ಕೊಡುತ್ತಿದ್ದೆ. ಗೋ ರೈಲಿನ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಂಬಿ ಹಿಡಿದು, ಹಿಂದಿನವರು ದಾಟಿ ಹೋಗಲಿ ಎಂದು ನಿಲ್ಲುತ್ತಿದ್ದೆ. ವಯಸ್ಸಾಯಿತು ಎಂದುಕೊಂಡೆ. ಐವತ್ತಾರು ಅಂದರೆ ಅಂಥ ವಯಸ್ಸೇನಲ್ಲ. ಆದರೂ ನಾವು ಹೆಂಗಸರು ನಮ್ಮ ಮೈಗೆ ಬೇಗ ವಯಸ್ಸು ಕೊಟ್ಟುಬಿಡುತ್ತೇವೆ.

ಡೊರೊತಿಯ ಕೋಣೆಯಲ್ಲಿ ಹಾಗಾದ ಚಳಿಗಾಲದಲ್ಲೇ ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದಾಗ ಮೊಣಕಾಲು ಒಮ್ಮೆಲೇ ಮಡಚಿತು. ಯಾರೋ ಹಿಂದಿನಿಂದ ಹೊಡೆದ ಹಾಗೆ. ಹಿಮದ ಮೇಲೆ ಬಿದ್ದದ್ದರಿಂದ ಏನೂ ಆಗಲಿಲ್ಲ. ಮರುದಿನ ಫ್ಯಾಮಿಲಿ ಡಾಕ್ಟರ ಬಳಿ ಹೋದೆ.

ಅವರು ಮೊದಲು ವಿಟಮಿನ್ ಡಿ ಕೊಟ್ಟರು. ಆಮೇಲೆ ರಕ್ತ ಪರೀಕ್ಷೆಯಲ್ಲಿ ಸಿಕೆ ಹೆಚ್ಚಿದೆ ಎಂದರು. ಸ್ನಾಯು ಹಾಳಾಗುವಾಗ ರಕ್ತಕ್ಕೆ ಸೋರುವ ವಸ್ತು ಅದು. ನಾನು ತೆಗೆದುಕೊಳ್ಳುತ್ತಿದ್ದ ಕೊಲೆಸ್ಟರಾಲ್ ಮಾತ್ರೆಯಿಂದ ಇರಬಹುದೆಂದು ಅದನ್ನು ನಿಲ್ಲಿಸಿದರು. ಕಾದೆವು. ಸಿಕೆ ಇಳಿಯಲಿಲ್ಲ. ಟೊರೊಂಟೊ ಡೌನ್‌ಟೌನಿನ ಸ್ಪೆಷಲಿಸ್ಟ್ ಒಬ್ಬರಿಗೆ ರೆಫರ್ ಮಾಡಿದರು. ಮತ್ತೆ ಕಾದೆವು. ಕಾಯುವುದು ಇಲ್ಲಿನ ಚಿಕಿತ್ಸೆಯ ಮೊದಲ ಭಾಗ.

ಸ್ಪೆಷಲಿಸ್ಟ್ ಚಿಕ್ಕ ವಯಸ್ಸಿನ ಹೆಂಗಸು. ಸ್ನಾಯುಗಳಲ್ಲಿ ಉರಿಯೂತ ಇದೆ, ಮಯೋಸೈಟಿಸ್ ಎನ್ನುತ್ತೇವೆ ಎಂದರು. ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಮುಖ ಊದಿತು, ನಿದ್ದೆ ಹೋಯಿತು, ಹಸಿವು ಮಾತ್ರ ರಾಕ್ಷಸರ ಹಾಗೆ. ನಮ್ಮ ತುಳು ಜನರೆಲ್ಲ ಶಾಲೆಯ ಹಾಲ್ ಒಂದರಲ್ಲಿ ಸೇರುವ ದೀಪಾವಳಿಗೆ ಹೋದರೆ, ಪರಿಚಯದವರೊಬ್ಬರು ನನ್ನ ಕೆನ್ನೆ ಮುಟ್ಟಿ, ಒಳ್ಳೆ ಕಳೆ ಬಂದಿದೆ ನಿಮಗೆ ಎಂದರು. ನಾನು ನಕ್ಕೆ. ಊಟದ ಸಾಲಿನಲ್ಲಿ ತಟ್ಟೆ ಕೈಯಿಂದ ಜಾರಿತು.

ಮಾತ್ರೆಗಳಿಂದ ಬಲ ಬರಲಿಲ್ಲ. ಇನ್ನೊಂದು ಔಷಧಿ ಸೇರಿಸಿದರು. ಅದರಿಂದಲೂ ಬರಲಿಲ್ಲ. ಕೊನೆಗೆ ತೊಡೆಯಿಂದ ಚೂರು ಮಾಂಸ ತೆಗೆದು ಬಯಾಪ್ಸಿ ಮಾಡಿದರು.

ಫಲಿತಾಂಶ ಕೇಳಲು ಇಬ್ಬರೂ ಹೋಗಿದ್ದೆವು. ನನ್ನ ಗಂಡ ದಿವಾಕರ ಓಶಾವಾದ ಕಡೆ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಆ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಡಾಕ್ಟರು ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತರು. ಹಾಗೆ ಕುರ್ಚಿ ಎಳೆದುಕೊಂಡರೆ ಏನರ್ಥ ಎಂದು ನನ್ನ ಕೆಲಸದಲ್ಲಿ ಕಲಿತಿದ್ದೆ.

ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್.

ಮಯೋಸೈಟಿಸ್ ಜಾತಿಯಲ್ಲೇ ಮಾತ್ರೆಗೆ ಬಗ್ಗದ ಜಾತಿ. ತೊಡೆಯನ್ನು, ಬೆರಳುಗಳನ್ನು, ಕೆಲವರಲ್ಲಿ ಗಂಟಲನ್ನು ಮೆಲ್ಲಮೆಲ್ಲಗೆ ತಿನ್ನುತ್ತದೆ. ವರ್ಷಗಳು ಹಿಡಿಯುತ್ತವೆ. ಹಿಂದಕ್ಕೆ ಬರುವುದಿಲ್ಲ. ಹಾಗಾದರೆ ಇಷ್ಟು ದಿನ ಕೊಟ್ಟ ಮಾತ್ರೆ ಯಾವುದಕ್ಕೆ ಎಂದು ಇವರು ಕೇಳಿದರು. ಮೊದಲಿಗೆ ಎಲ್ಲ ಜಾತಿಯೂ ಒಂದೇ ಥರ ಕಾಣುತ್ತವೆ, ಮಾತ್ರೆ ಹಿಡಿಯುವ ಜಾತಿ ಇರಲಿ ಎಂದು ನಾವೂ ಆಸೆಪಟ್ಟೆವು ಎಂದರು ಡಾಕ್ಟರು. ಅವುಗಳನ್ನು ಇನ್ನು ಮೆಲ್ಲನೆ ನಿಲ್ಲಿಸೋಣ.

"ಮತ್ತೆ ಈಗ ಏನು ಕೊಡ್ತೀರಿ?" ಇವರು ಇಂಗ್ಲಿಷಿನಲ್ಲಿ ಕೇಳಿದರು.

ಡಾಕ್ಟರು, ವ್ಯಾಯಾಮ ಎಂದರು. ತಿಳಿದವರ ಉಸ್ತುವಾರಿಯಲ್ಲಿ, ಜಾಗ್ರತೆಯಿಂದ, ಅಳತೆ ಮೀರದೆ ಮಾಡಬೇಕು. ಇದ್ದ ಬಲ ಸ್ವಲ್ಪ ಹೆಚ್ಚು ಕಾಲ ಉಳಿಯಬಹುದು. ಫಿಸಿಯೋಥೆರಪಿಗೆ ಬರೆಯುತ್ತೇನೆ.

ಅಷ್ಟು ಮಾತಿನಲ್ಲಿ ನನ್ನ ಗಂಡನ ಕಿವಿಗೆ ಬಿದ್ದದ್ದು ಒಂದೇ ಶಬ್ದ.

ಇವರು ಮದುವೆಗೆ ಮೊದಲು ಪಡುಬಿದ್ರಿ, ಸುರತ್ಕಲ್ ಕಡೆಯ ವಾಲಿಬಾಲ್ ಪಂದ್ಯಗಳಲ್ಲಿ ಹೆಸರು ಮಾಡಿದವರು. ಆಗಲೂ ಭಾನುವಾರ ಹುಡುಗರ ಜೊತೆ ಆಡುತ್ತಿದ್ದರು. ಮೈ ಎಂದರೆ ದುಡಿಸಿದಷ್ಟು ಗಟ್ಟಿಯಾಗುವಂಥದ್ದು ಎಂಬುದು ಇವರ ನಂಬಿಕೆ. ಮದ್ದಿಲ್ಲ ಎಂದದ್ದು ಇವರನ್ನು ಕುಗ್ಗಿಸಲಿಲ್ಲ. ವ್ಯಾಯಾಮ ತಾನೇ, ಅದು ನನಗೆ ಗೊತ್ತು ಎಂಬ ಹುರುಪು ಬಂತು. ಮನೆಗೆ ಬರುವ ದಾರಿಯಲ್ಲೇ ಯಾರಿಗೋ ಫೋನು ಮಾಡಿ ಕಾಲಿನಿಂದ ಭಾರ ತಳ್ಳುವ ಹಳೆಯ ಲೆಗ್ ಪ್ರೆಸ್ ಯಂತ್ರ ಹುಡುಕಿದರು. ಬೇಸ್‌ಮೆಂಟಿನಲ್ಲಿದ್ದ ಹಳೆ ಸೋಫಾ ಹೊರಗೆ ಹೋಯಿತು. ಡಂಬೆಲ್ಲುಗಳು ಬಂದವು, ಗೋಡೆಗೆ ಕನ್ನಡಿ ಬಂತು. ಫಿಸಿಯೋಥೆರಪಿಯ ಸರದಿ ಬರುವುದು ಇನ್ನೂ ತಿಂಗಳುಗಟ್ಟಲೆ ದೂರವಿತ್ತು.

ನಾನು ಕೆಲಸ ಬಿಟ್ಟೆ. ಏಳಿಸುವವಳೇ ಬೀಳುವ ಹಾಗಾದರೆ ಅಲ್ಲಿ ಇರುವ ಹಕ್ಕಿಲ್ಲ.

ಬೇಸ್‌ಮೆಂಟಿನಲ್ಲಿ ಇವರು ನನಗೆ ಕಲಿಸಿದರು. ಬೈಯಲಿಲ್ಲ, ಒಮ್ಮೆಯೂ ಕೂಗಲಿಲ್ಲ. ಎದುರು ನಿಂತು, ಇನ್ನು ಒಂದು, ಇನ್ನು ಒಂದೇ ಒಂದು ಎನ್ನುತ್ತಿದ್ದರು. ಇನ್ನು ಆಗುವುದಿಲ್ಲ ಎನ್ನುವ ಹಂತ ದಾಟಿದ ಮೇಲೆಯೇ ಬಲ ಬರುವುದು ಎಂಬುದು ವಾಲಿಬಾಲಿನ ಪಾಠ. ನಾನೂ ನಂಬಿದೆ. ನಂಬದೆ ಇನ್ನೇನು ಮಾಡಲಿ, ಬೇರೇನನ್ನೂ ಯಾರೂ ಕೊಟ್ಟಿರಲಿಲ್ಲ. ತೊಡೆ ನಡುಗುತ್ತಿತ್ತು. ಮರುದಿನ ಹಾಸಿಗೆಯಿಂದ ಏಳುವುದೇ ಕಷ್ಟ, ಅದರ ಮರುದಿನವೂ. ಅದನ್ನು ಹೇಳಿದರೆ, ಮೊದಮೊದಲು ಎಲ್ಲರಿಗೂ ಹಾಗೆಯೇ ಎನ್ನುತ್ತಿದ್ದರು. ಕನ್ನಡಿಯಲ್ಲಿ ಇವರ ಮುಖ ನೋಡುತ್ತಿದ್ದೆ. ನನಗಿಂತ ಹೆಚ್ಚು ಬೆವರುತ್ತಿದ್ದರು.

ಒಂದು ದಿನ ಬೆಳಿಗ್ಗೆ ಯಂತ್ರದ ಮೇಲೆ ಕಾಲು ದುಡಿಸಿ, ಊಟ ಬಡಿಸಿ, ಇವರನ್ನು ಮಧ್ಯಾಹ್ನದ ಶಿಫ್ಟಿಗೆ ಕಳಿಸಿದೆ. ಚಹಾ ಮಾಡೋಣವೆಂದು ಅಡುಗೆಮನೆಗೆ ಹೋದೆ. ಮೊಣಕಾಲು ಮಡಚಿತು.

ಈ ಸಲ ಹಿಮವಿರಲಿಲ್ಲ, ಟೈಲ್ಸ್ ಇತ್ತು.

ಬಲಗೈ ಮಣಿಕಟ್ಟು ಮೈಯಡಿಗೆ ಸಿಕ್ಕಿ ಕಟಕ್ ಎಂದಿತು. ಫೋನು ಊಟದ ಮೇಜಿನ ಮೇಲಿತ್ತು. ನೆಲಕ್ಕೆ ಬಿದ್ದವರು ಹೇಗೆ ಏಳಬೇಕು ಎಂದು ಎಷ್ಟೋ ಮನೆಯವರಿಗೆ ನಾನೇ ಕಲಿಸಿದ್ದೇನೆ. ಮೊದಲು ಮಗ್ಗುಲಾಗಬೇಕು. ಮೊಣಕೈ ಊರಬೇಕು. ಅಂಬೆಗಾಲಿಗೆ ಬರಬೇಕು. ಕುರ್ಚಿಯ ತನಕ ತೆವಳಿ, ಅದರ ಮೇಲೆ ಕೈಯಿಟ್ಟು, ಒಂದು ಪಾದ ಮುಂದಿಟ್ಟು, ತೊಡೆಯಿಂದ ಒತ್ತಬೇಕು. ಕುರ್ಚಿಯ ತನಕ ಬಂದೆ. ಒತ್ತಲು ತೊಡೆಯಿಲ್ಲ, ಊರಲು ಕೈಯಿಲ್ಲ. ಕುರ್ಚಿ ಜಾರಿ ದೂರ ಹೋಯಿತು. ನಾನು ಮತ್ತೆ ನೆಲಕ್ಕೆ.

ಕೂಗಿದೆ. ಚಳಿಗಾಲ, ಎಲ್ಲರ ಮನೆಯ ಕಿಟಕಿಗಳೂ ಮುಚ್ಚಿದ್ದವು. ಒಲೆಯ ಅಡಿಯಲ್ಲಿ ಒಂದು ಒಣಗಿದ ಕರಿಬೇವಿನ ಎಲೆಯೂ ಒಂದು ಕಡಲೆಕಾಳೂ ಕಾಣುತ್ತಿದ್ದವು. ಹಳದಿ ಸ್ಕೂಲ್ ಬಸ್ಸು ಬೀದಿಯಲ್ಲಿ ನಿಂತು, ಮಕ್ಕಳು ಇಳಿದು, ಅವರ ಮಾತು ದೂರವಾಯಿತು. ಮೇಜಿನ ಮೇಲೆ ಫೋನು ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು. ಮಗಳು ನಿಧಿ ಎಂದು ಗೊತ್ತು. ಅವಳು ಟೊರೊಂಟೊ ಆಚೆಯ ಓಕ್‌ವಿಲ್ಲಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಇದ್ದಾಳೆ, ಆ ಹೊತ್ತಿಗೆ ದಿನಾ ಮಾತಾಡುತ್ತಾಳೆ. ರಿಂಗು ಕೇಳುತ್ತಾ ಮಲಗಿದ್ದೆ.

ಬಟ್ಟೆ ಒದ್ದೆಯಾಯಿತು.

ನಾನು ಎತ್ತಿಕೊಳ್ಳದ್ದನ್ನು ನೋಡಿ ನಿಧಿ ಅಪ್ಪನ ಕಾರ್ಖಾನೆಗೆ ಫೋನು ಮಾಡಿದಳಂತೆ. ಇವರು ಬಾಗಿಲು ತೆಗೆದಾಗ ಹೊರಗೆ ಕತ್ತಲಾಗುತ್ತಿತ್ತು. ಬೂಟು ಬಿಚ್ಚದೆ ಒಳಗೆ ಓಡಿ ಬಂದರು.

"ದಾನೆ ಆಂಡ್?" ಎಂದರು ತುಳುವಿನಲ್ಲಿ. ಏನಾಯ್ತು ಎಂದು. ಅದೊಂದೇ ಮಾತು, ಮತ್ತೆ ಮತ್ತೆ.

ನನ್ನನ್ನು ಎತ್ತಿ ಕೂರಿಸಿದರು. ಬಟ್ಟೆ ಬದಲಾಯಿಸಿದರು, ಒರೆಸಿದರು. ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿಸಿಕೊಳ್ಳುವವರು ಯಾಕೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು ಎಂದು ಅವತ್ತು ತಿಳಿಯಿತು.

ಎಮರ್ಜೆನ್ಸಿಯಲ್ಲಿ ಮಣಿಕಟ್ಟು ಮುರಿದಿದೆ ಎಂದು ಪ್ಲಾಸ್ಟರಿನ ಕಾಸ್ಟ್ ಹಾಕಿದರು. ಮನೆಗೆ ಬಂದ ವಾರದಲ್ಲೇ ಲೆಗ್ ಪ್ರೆಸ್ ಯಂತ್ರವನ್ನು ಯಾರೋ ಬಂದು ಒಯ್ದರು. ಬದಲಿಗೆ ಗುಂಡಿ ಒತ್ತಿದರೆ ತಾನೇ ಮೇಲಕ್ಕೆದ್ದು ನಮ್ಮನ್ನು ನಿಲ್ಲಿಸುವ ರಿಕ್ಲೈನರ್ ಕುರ್ಚಿ ಬಂತು. ಅತ್ತೆ ಮೂಲ್ಕಿಯಿಂದ ವಿಡಿಯೋ ಕಾಲಿನಲ್ಲಿ, ಅವಳನ್ನು ಏಳಿಸಬೇಡ ಮಗ, ಮೈಗೆ ವಿಶ್ರಾಂತಿ ಬೇಕು ಎಂದರು. ಅದು ಪ್ರೀತಿಯಿಂದಲೇ ಹೇಳಿದ್ದು.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳುವುದು? ನಾನು ಕೂತೆ. ಅಷ್ಟೇ. ಇವರು ಬೆಳಗಿನ ಶಿಫ್ಟಿಗೆ ಬದಲಾಯಿಸಿಕೊಂಡರು. ಅಡುಗೆ ಕಲಿತರು, ಗಂಜಿ ಮಾಡಿದರು, ಮೀನಿನ ಸಾರು ಮಾಡಿದರು. ನಾನು ಕೈ ಎತ್ತಿದರೆ ಸಾಕು, ಎಂತ ಬೇಕು ಎಂದು ಓಡಿ ಬರುತ್ತಿದ್ದರು. ಬಾತ್‌ರೂಮಿಗೆ ಹೋಗುವಾಗ ಎರಡೂ ತೋಳು ಹಿಡಿದು, ನನ್ನ ಭಾರವನ್ನೆಲ್ಲ ತಾವೇ ಹೊರುತ್ತಿದ್ದರು. ನನ್ನ ಕಾಲುಗಳು ನೆಲ ಮುಟ್ಟುತ್ತಿದ್ದವು, ಅದಕ್ಕಿಂತ ಹೆಚ್ಚಿನ ಕೆಲಸ ಅವಕ್ಕಿರಲಿಲ್ಲ. ಪ್ಯಾಂಟು ತೊಡೆಯ ಹತ್ತಿರ ಸಡಿಲವಾಗುತ್ತಾ ಬಂತು. ಗಂಟಲಲ್ಲಿ ಅನ್ನ ನಿಲ್ಲಲು ಶುರುವಾಯಿತು.

ಸಾಯಬೇಕು ಎಂದು ಅನಿಸಲಿಲ್ಲ. ಇರಬೇಕು ಎಂದೂ ಅನಿಸಲಿಲ್ಲ. ಬೆಳಿಗ್ಗೆ ಕಿಟಕಿಯಿಂದ ಬೆಳಕು ಬಂದರೆ, ಓ ಇನ್ನೊಂದು ದಿನ ಎಂದು ಸುಸ್ತಾಗುತ್ತಿತ್ತು. ನನಗೆ ಬೀಳುವ ಭಯವಿತ್ತು. ಕುರ್ಚಿಯಲ್ಲಿ ಕೂತವಳು ಬೀಳುವುದಿಲ್ಲವಲ್ಲ. ಕೂತೇ ಇದ್ದವರು ಏನಾಗುತ್ತಾರೆ ಎಂದು ನಾನು ಅಜಾಕ್ಸಿನಲ್ಲಿ ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೆ. ಬಿದ್ದಾರು ಎಂದು ಗಾಲಿಕುರ್ಚಿಯಲ್ಲಿ ಕೂರಿಸಿದ ಮುದುಕರು ಮತ್ತೆ ನಡೆದದ್ದು ನೋಡಿಲ್ಲ. ಅದು ಗೊತ್ತಿದ್ದೂ ಕೂತೆ.

ಒಂದು ಶನಿವಾರ ಐಸ್ ಮಳೆ ಸುರಿದು ಕರೆಂಟು ಹೋಯಿತು. ರಿಕ್ಲೈನರ್ ಅರ್ಧ ಮಲಗಿದ ಸ್ಥಿತಿಯಲ್ಲೇ ನಿಂತುಬಿಟ್ಟಿತು, ಅದರೊಳಗೆ ನಾನು. ನಿಧಿ ಮನೆಗೆ ಬಂದಿದ್ದಳು. ಅಪ್ಪ, ಮಗಳು ಸೇರಿ ನನ್ನನ್ನು ಎಳೆದರು. ಇವರ ಸೊಂಟ ಹಿಡಿದುಕೊಂಡಿತು. ಇವರು ನೆಲದ ಮೇಲೆ ಕೂತು ಉಸಿರು ಬಿಡುತ್ತಿದ್ದರು, ನಾನು ಗೋಡೆಗೆ ಒರಗಿ ನಿಂತಿದ್ದೆ. ನಿಧಿ ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಮ್ಮಾ, ದಿಸ್ ಈಸ್ ನಾಟ್ ಕೇರ್," ಅಂದಳು. "ಯೂ ಆರ್ ದ ಒನ್ ಹೂ ಟೋಲ್ಡ್ ಮೀ ದಟ್."

ಹೌದು. ಅವಳು ಹೈಸ್ಕೂಲಿನಲ್ಲಿದ್ದಾಗ ಕೆಲಸದಿಂದ ಬಂದು ನಾನೇ ಸಿಟ್ಟಿನಲ್ಲಿ ಹೇಳುತ್ತಿದ್ದೆ, ಕೂರಿಸಿಬಿಡುವುದು ಆರೈಕೆಯಲ್ಲ, ಅದು ನಮ್ಮ ಸೌಕರ್ಯ ಎಂದು. ಇವರು ತಲೆ ತಗ್ಗಿಸಿದರು. ಇವರ ತಪ್ಪೇನೂ ಇರಲಿಲ್ಲ. ಒಮ್ಮೆ ಹೆಚ್ಚು ಮಾಡಿಸಿ ಕೈ ಸುಟ್ಟುಕೊಂಡವರು, ಈಗ ಏನನ್ನೂ ಮಾಡಿಸಲು ಹೆದರಿದ್ದರು. ಫಿಸಿಯೋಥೆರಪಿಯ ಸರದಿ ಬಂದು ಎರಡು ಸಲ ಫೋನು ಬಂದಿತ್ತಂತೆ. ಈಗ ಬೇಡ, ಅವಳು ವೀಕ್ ಇದ್ದಾಳೆ ಎಂದು ಇವರೇ ಮುಂದಕ್ಕೆ ಹಾಕಿದ್ದರು.

ನಿಧಿ ಸೋಮವಾರ ರಜೆ ಹಾಕಿ ನಮ್ಮನ್ನು ಕರೆದುಕೊಂಡು ಹೋದಳು.

ಫಿಸಿಯೋಥೆರಪಿಸ್ಟಿನ ಹೆಸರು ಸಬೀನಾ. ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗಿ, ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದಳು. ಯಂತ್ರಗಳ ಕಡೆಗೆ ಕರೆದೊಯ್ಯಲಿಲ್ಲ. ಎತ್ತರಿಸಲು ಬರುವ ಒಂದು ಮಂಚದ ಮೇಲೆ ಕೂರಿಸಿದಳು. ಅದನ್ನು ಮೇಲೆ, ಇನ್ನೂ ಮೇಲೆ ಏರಿಸುತ್ತಾ ಹೋದಳು, ಬಾರಿನ ಸ್ಟೂಲಿನಲ್ಲಿ ಕೂತ ಹಾಗೆ ಆಯಿತು. ಈಗ ಏಳಿ ಎಂದಳು.

ಎದ್ದೆ.

ಯಾರೂ ಹಿಡಿಯದೆ ಎದ್ದು ನಿಂತು ಎಷ್ಟು ಕಾಲವಾಗಿತ್ತೋ. ಸಂತೋಷವಾಗಲಿಲ್ಲ, ನಿಜ ಹೇಳಬೇಕೆಂದರೆ. ಇಷ್ಟೇ ಉಳಿದದ್ದಾ ಎನಿಸಿ ಅಳು ಬಂತು. ಸಬೀನಾ ಟಿಶ್ಯೂ ಕೊಟ್ಟು, ಅಳು ಮುಗಿಯುವ ತನಕ ಕಾದಳು. ಇದು ಗುಣವಾಗುತ್ತದೆಯೇ ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

"ನಹೀ, ಆಂಟಿ. ಜೋ ಬಚಾ ಹೈ, ಉಸೇ ಸಂಭಾಲ್ನಾ ಹೈ."

ಉಳಿದದ್ದನ್ನು ಜೋಪಾನ ಮಾಡುವುದು. ಆ ಮಾತು ನನಗೆ ಧೈರ್ಯ ಕೊಡಲಿಲ್ಲ, ಆದರೆ ಸುಳ್ಳೂ ಹೇಳಲಿಲ್ಲ. ಅಷ್ಟು ಸಾಕೆನಿಸಿತು.

ಅವಳು ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಎತ್ತರದ ಆಸನದಿಂದ ಏಳುವುದು, ಮೆಲ್ಲಗೆ ಕೂರುವುದು. ಧೊಪ್ಪನೆ ಕೂರಬಾರದು. ಹಾಗೆಂದು ಭಾರ ಹೊತ್ತು ಅರ್ಧದಲ್ಲಿ ನಿಲ್ಲಲೂಬಾರದು, ಸೋತ ಸ್ನಾಯುವಿಗೆ ಅದು ಪೆಟ್ಟು. ಸಿಂಕಿನ ಅಂಚು ಹಿಡಿದು ಹಿಮ್ಮಡಿ ಎತ್ತುವುದು. ಮೆತ್ತನೆಯ ಹಿಟ್ಟಿನಂಥ ಪುಟ್ಟಿಯನ್ನು ಬೆರಳಲ್ಲಿ ಹಿಸುಕುವುದು. ಮೊಣಕಾಲು ಮಡಚದಂತೆ ಹಿಡಿಯುವ ಬ್ರೇಸ್ ಹಾಕದೆ ನಡೆಯಬಾರದು. ಮನೆಯಲ್ಲಿ ಯಾರೂ ಇಲ್ಲದಾಗ ನಿಂತು ಮಾಡುವ ಯಾವ ವ್ಯಾಯಾಮವೂ ಬೇಡ, ಫೋನು ಕುತ್ತಿಗೆಯಲ್ಲಿ ನೇತಾಡುತ್ತಿರಬೇಕು. ಜ್ವರ ಬಂದ ದಿನ ಬೇಡ. ಊಟ ನುಂಗಲು ಕಷ್ಟವಾದರೆ ಅದು ಬೇರೆ ಥೆರಪಿಸ್ಟಿನ ಕೆಲಸ, ಅವರ ಬಳಿ ಕಳಿಸುತ್ತೇನೆ.

ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು. ಇನ್ನು ಆಗುವುದಿಲ್ಲ ಎನ್ನುವ ತನಕ ಹೋಗಬಾರದು. ಇನ್ನೂ ಆಗುತ್ತದೆ ಎನ್ನುವಾಗಲೇ ನಿಲ್ಲಿಸಬೇಕು. ಮಾಡಿದ್ದು ಹೆಚ್ಚಾಯಿತೋ ಇಲ್ಲವೋ ಎಂದು ಮರುದಿನ ಬೆಳಿಗ್ಗೆ ಮೈಯನ್ನೇ ಕೇಳಬೇಕು. ಬೆಳಿಗ್ಗೆ ಎಂದಿಗಿಂತ ಸೋತಿದ್ದರೆ ಅವತ್ತು ವಿಶ್ರಾಂತಿ, ಆಮೇಲೆ ಅರ್ಧ. ಸ್ನಾನ ಮಾಡುವುದಕ್ಕೂ, ಬಟ್ಟೆ ಮಡಚುವುದಕ್ಕೂ, ವ್ಯಾಯಾಮಕ್ಕೂ ಇರುವುದು ಒಂದೇ ಕೊಡದ ನೀರು. ಸ್ನಾನದ ದಿನ ವ್ಯಾಯಾಮ ಕಡಿಮೆ.

ಇವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಮುಖ ಬಿಳಿಚಿತ್ತು. ತಾವು ಮಾಡಿಸಿದ್ದೆಲ್ಲ ತಿರುಗಾಮುರುಗಾ ಎಂದು ಗೊತ್ತಾಗುತ್ತಿತ್ತು. ಮನೆಯಲ್ಲಿ ತಮ್ಮಿಂದ ಏನು ಸಹಾಯ ಆಗಬೇಕು ಎಂದು ಸಬೀನಾಳನ್ನು ಕೇಳಿದರು. ಅವಳು, ಆಂಟಿ ಏಳುವಾಗ ನೀವು ಹತ್ತಿರ ಇರಿ, ಕೈ ಮಾತ್ರ ಕೊಡಬೇಡಿ ಎಂದಳು. ಒಮ್ಮೆ ಮಾಡಿ ತೋರಿಸಿ ಎಂದಳು.

ನಾನು ಏಳಲು ಮುಂದಕ್ಕೆ ಬಾಗಿದೆ. ಇವರ ಕೈ ತಾನಾಗಿ ಮುಂದೆ ಬಂತು. ಸಬೀನಾ ತಲೆ ಅಲ್ಲಾಡಿಸಿದಳು. ಇವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತರು. ನಾನು ನಡುಗುತ್ತಾ ಎದ್ದೆ.

"ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ," ಅಂದರು ಇವರು. ಸಬೀನಾಗೆ ಅರ್ಥವಾಗಲಿಲ್ಲ.

"ನೋಡ್ಬೇಕು," ಅಂದೆ ನಾನು.

ಮನೆಗೆ ಬಂದು ಇವರು ಊಟದ ಕುರ್ಚಿಯ ಕಾಲುಗಳಿಗೆ ಮರದ ತುಂಡು ಜೋಡಿಸಿ ಎತ್ತರ ಮಾಡಿದರು. ಒಂದು ಬದಿ ಸ್ವಲ್ಪ ಓರೆಯಾಯಿತು, ಬಿಚ್ಚಿ ಮತ್ತೆ ಮಾಡಿದರು. ಬಾತ್‌ರೂಮಿನಲ್ಲಿ ಹಿಡಿಕೆಗಳನ್ನು ಹಾಕಿದರು. ದಿನಾ ಸಂಜೆ ಶಿಫ್ಟಿನಿಂದ ಬಂದು ಕೈಕಟ್ಟಿ ನಿಲ್ಲುತ್ತಾರೆ, ನಾನು ಏಳುತ್ತೇನೆ, ಕೂರುತ್ತೇನೆ. ಕೈಕಟ್ಟಿ ನಿಲ್ಲುವುದೇ ಇವರ ವ್ಯಾಯಾಮ. ಮೊದಮೊದಲು ಇವರ ಕಣ್ಣಲ್ಲಿ ನೀರು ನಿಲ್ಲುತ್ತಿತ್ತು. ಈಗ ಅಭ್ಯಾಸವಾಗಿದೆ, ನಡುವೆ ಕಾರ್ಖಾನೆಯ ಸುದ್ದಿ ಹೇಳುತ್ತಾರೆ.

ಇಲ್ಲಿ ಕಥೆ ಒಳ್ಳೆಯ ಕಡೆ ತಿರುಗಬೇಕಿತ್ತು. ಇಂಥ ಅನುಭವಗಳನ್ನು ಓದಿದಾಗ ನಾನೂ ಆ ತಿರುವಿಗಾಗಿ ಹುಡುಕುತ್ತಿದ್ದೆ. ಇಲ್ಲ, ತಿರುಗಲಿಲ್ಲ.

ಅಷ್ಟೆಲ್ಲ ಮಾಡಿದ ಮೇಲೆ, ಬೇಸಗೆ ಕಳೆದು, ಸಬೀನಾ ಮತ್ತೆ ಅಳತೆ ತೆಗೆದಳು. ಕಾಲಿನ ಬಲ ಇದ್ದ ಹಾಗೇ ಇತ್ತು. ಕೈಯ ಹಿಡಿತ ಇಳಿದಿತ್ತು. ಕಾಲು ಇದ್ದ ಹಾಗೇ ಇರುವುದು ಬಹಳ ಒಳ್ಳೆಯದು ಎಂದಳು. ನಾನು ತಲೆಯಾಡಿಸಿದೆ. ಬೆವರಿ, ವಿಶ್ರಾಂತಿಯ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸದೆ, ಊರಿನ ಜಾತ್ರೆಗೆ ಹೋಗದೆ, ಮದುವೆಗೆ ಹೋಗದೆ ಕಾಪಾಡಿದ್ದು ಇದ್ದ ಜಾಗವನ್ನೇ. ಮಳೆಗಾಲದಲ್ಲಿ ಹೊಳೆ ದಡದ ಮಣ್ಣಿಗೆ ಕಲ್ಲು ಪೇರಿಸಿದ ಹಾಗೆ. ಹೊಳೆಗೆ ಅವಸರವಿಲ್ಲ.

ನೀರುದೋಸೆಯ ಹಿಟ್ಟನ್ನು ಸೌಟಿನಲ್ಲಿ ಎತ್ತಲು ಬೆರಳು ಬಾಗದು. ಅಂಗಿಯ ಗುಂಡಿ ಇವರೇ ಹಾಕುತ್ತಾರೆ. ಅನ್ನವನ್ನು ಮೆತ್ತಗೆ ಬೇಯಿಸಿ, ಗದ್ದ ಎದೆಗೆ ತಗ್ಗಿಸಿ, ಒಂದೊಂದೇ ತುತ್ತು ನುಂಗುತ್ತೇನೆ. ಕೆಮ್ಮು ಬಂದರೆ ಮೇಜಿನ ಸುತ್ತ ಎಲ್ಲರೂ ಮಾತು ನಿಲ್ಲಿಸುತ್ತಾರೆ. ನಾನು ಊಟ ಮಾಡುವುದನ್ನು ಬೇರೆಯವರು ನೋಡುವುದು ನನಗೆ ಈ ರೋಗದಲ್ಲೇ ಅತಿ ಕಷ್ಟದ್ದು. ಬೀಳುವುದಕ್ಕಿಂತಲೂ.

ಆಗಲೇ ಸಬೀನಾ ವ್ಹೀಲ್‌ಚೇರಿನ ಮಾತು ತೆಗೆದದ್ದು. ನಾನು ಬೇಡ ಎಂದೆ. ಅದರಲ್ಲಿ ಕೂತವರ ಕಥೆ ನನಗೆ ಗೊತ್ತು ಎಂದೆ. ಅವಳು ವಾದ ಮಾಡಲಿಲ್ಲ. ವಾರದಲ್ಲಿ ಎಷ್ಟು ಸಲ ಮನೆಯಿಂದ ಹೊರಗೆ ಹೋಗುತ್ತೀರಿ ಎಂದು ಕೇಳಿದಳು. ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಇಲ್ಲ. ಪಾರ್ಕಿಂಗಿನಿಂದ ಬಾಗಿಲ ತನಕ ನಡೆಯುವುದರಲ್ಲೇ ಕೊಡ ಬರಿದಾಗುತ್ತದೆ, ಮತ್ತೆ ಎಲ್ಲಿಗೆ ಹೋಗಲಿ? ಅದಕ್ಕೇ ಹೇಳುತ್ತಿರುವುದು ಎಂದಳು. ದೂರವನ್ನು ಗಾಲಿಗೆ ಕೊಡಿ. ನಿಲ್ಲುವುದನ್ನು ಕಾಲಿಗೆ ಇಟ್ಟುಕೊಳ್ಳಿ.

ಅದನ್ನು ಒಪ್ಪಿಕೊಳ್ಳಲು ನನಗೆ ಇಡೀ ಒಂದು ಚಳಿಗಾಲ ಬೇಕಾಯಿತು. ವ್ಹೀಲ್‌ಚೇರು ಬಂದ ದಿನ ನಾನು ಅದನ್ನು ಗರಾಜಿನಲ್ಲಿ ಇಡಿಸಿದೆ. ನೋಡಲೂ ಹೋಗಲಿಲ್ಲ. ಇವರು ಹಿಮ ಕರಗಿದ ಒಂದು ಭಾನುವಾರ ಅದನ್ನು ಕಾರಿಗೆ ಹಾಕಿದರು. ಅವತ್ತು ಇವರ ವಾಲಿಬಾಲ್ ಇತ್ತು. ಹೋಗಲಿಲ್ಲ.

"ಲೇಕಿನ ಹತ್ರ ಹೋಗುವ," ಅಂದರು. "ನೀನು ಇಳಿಯುದು ಬೇಡ ಅಂದ್ರೆ ಕಾರಲ್ಲೇ ಕೂತು ವಾಪಸ್ ಬರುವ."

ವಿಟ್ಬಿಯ ದಕ್ಷಿಣಕ್ಕೆ ಸರೋವರ. ನಾವು ಈ ಊರಿಗೆ ಬಂದ ಮೊದಲ ವರ್ಷಗಳಲ್ಲಿ ನಿಧಿಯನ್ನು ಕರೆದುಕೊಂಡು ಹೋಗುತ್ತಿದ್ದೆವು, ಆಮೇಲೆ ಎಲ್ಲರಿಗೂ ಶಿಫ್ಟು. ಸಮುದ್ರದ ಪಕ್ಕ ಹುಟ್ಟಿದ ನನಗೆ ಈ ಉಪ್ಪಿಲ್ಲದ ನೀರು ಯಾವತ್ತೂ ಪೂರ್ತಿ ಹಿಡಿಸಿರಲಿಲ್ಲ. ಇವರು ಕುರ್ಚಿ ಬಿಡಿಸಿ, ಬ್ರೇಕು ಹಾಕಿ, ಕೈಕಟ್ಟಿ ನಿಂತರು. ನಾನು ಕಾರಿನ ಬಾಗಿಲು ಹಿಡಿದು ಎದ್ದು, ತಿರುಗಿ, ಅದರಲ್ಲಿ ಕೂತೆ. ಇವರು ತಳ್ಳಿದರು. ಎದುರಿಗೆ ನಾಯಿ ಹಿಡಿದುಕೊಂಡು ಬಂದ ಒಬ್ಬಳು ನಮಗೆ ದಾರಿ ಬಿಟ್ಟು ಗುಡ್ ಮಾರ್ನಿಂಗ್ ಅಂದಳು. ನನ್ನ ಮುಖ ಬಿಸಿಯಾಯಿತು. ಆಕೆ ಹೋದಳು. ಅಷ್ಟೇ ಆದದ್ದು.

ನೀರಿನ ಅಂಚಿಗೆ ಕಬ್ಬಿಣದ ಕಂಬಿ ಇದೆ. ಅಲ್ಲಿಗೆ ಹೋಗಿ ನಿಲ್ಲಿಸಿ ಎಂದೆ. ಕಂಬಿಗೆ ಮೊಣಕೈಗಳನ್ನು ಊರಿ ಎದ್ದು ನಿಂತೆ. ಗಾಳಿ ತಣ್ಣಗಿತ್ತು, ನೀರಿನಲ್ಲಿ ಇನ್ನೂ ಐಸಿನ ಚೂರುಗಳು ತೇಲುತ್ತಿದ್ದವು. ಎಷ್ಟೋ ಕಾಲದ ಮೇಲೆ ನನ್ನ ಎದುರಿಗೆ ಗೋಡೆಯಿರಲಿಲ್ಲ. ಹಿಮ್ಮಡಿ ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಇವರು ಪಕ್ಕದಲ್ಲಿ ನಿಂತು ತಾವೂ ಹಿಮ್ಮಡಿ ಎತ್ತಲು ಶುರು ಮಾಡಿದರು. ನಾನು ನೋಡಿದೆ. ಅವರು ನೀರನ್ನೇ ನೋಡುತ್ತಿದ್ದರು. ಇಬ್ಬರು ವಯಸ್ಸಾದವರು ಸರೋವರದ ಪಕ್ಕ ನಿಂತು ಏರುತ್ತಾ ಇಳಿಯುತ್ತಾ ಇರುವುದನ್ನು ಕಂಡವರು ಏನೆಂದುಕೊಂಡರೋ.

ಈಗ ಭಾನುವಾರಗಳಲ್ಲಿ ಹೋಗುತ್ತೇವೆ. ಮೊಣಕೈಗಳೂ ಒಂದು ದಿನ ಕಂಬಿಯನ್ನು ಬಿಡುತ್ತವೆ, ಗೊತ್ತು. ಆಗ ಕೂತು ನೋಡುವುದು. ನುಂಗುವುದು ಇನ್ನೂ ಕಷ್ಟವಾಗುತ್ತದೆ, ಅದೂ ಗೊತ್ತು. ದೇವರಲ್ಲಿ ನಾನು ಈಗ ಗುಣ ಮಾಡು ಎಂದು ಕೇಳುವುದಿಲ್ಲ. ಕೇಳುವುದನ್ನೇ ಬಿಟ್ಟಿದ್ದೇನೆ. ಆದರೆ ಸಬೀನಾಳಂಥ, ಸುಳ್ಳು ಹೇಳದ ಹುಡುಗಿ ಸಿಕ್ಕಿದಳು, ಕೈಕಟ್ಟಿ ನಿಲ್ಲಲು ಕಲಿತ ಗಂಡ ಇದ್ದಾರೆ. ಇದಕ್ಕೆ ಕೃತಜ್ಞತೆ ಎನ್ನಬೇಕೋ ಏನೋ. ನನಗೆ ಇನ್ನೂ ಆ ಶಬ್ದ ಬಾಯಿಗೆ ಬರುವುದಿಲ್ಲ.

ಕಳೆದ ಭಾನುವಾರ ಬಿಸಿಲಿತ್ತು. ಕಾಲುಗಳು ಎಂದಿಗಿಂತ ಹಗುರವಾಗಿದ್ದವು, ಯಾಕೋ ಗೊತ್ತಿಲ್ಲ, ಅಂಥ ದಿನಗಳೂ ಬರುತ್ತವೆ. ಇನ್ನೂ ಸ್ವಲ್ಪ ಮಾಡಬೇಕೆಂದು ಬಹಳ ಆಸೆಯಾಯಿತು. ಇವರು ನನ್ನ ಮುಖ ನೋಡಿದರು. ಇನ್ನು ಒಂದು ಎನ್ನಲಿಲ್ಲ. ವಾಪಸು ಕಾರಿಗೆ ಹತ್ತಲು ತೊಡೆ ಬೇಕು, ಮನೆಯ ಬಾಗಿಲ ಮೆಟ್ಟಿಲಿಗೆ ಬೇಕು, ಸಂಜೆ ಬಾತ್‌ರೂಮಿಗೆ ಬೇಕು.

ಇನ್ನೊಂದು ಸಲ ಎತ್ತಬಹುದಿತ್ತು. ಎತ್ತಲಿಲ್ಲ. ಮೆಲ್ಲಗೆ ಕೂತೆ.